ಮಣಿಕಟ್ಟಿನ ಮೇಲಿನ ಸಹಿ

ಮಾರ್ಚ್ 3, ಬೆಳಿಗ್ಗೆ

ಕೈ ನೋಡದೆ ಸಹಿ ಹಾಕುವುದು ಮೋಸ. ಅದಕ್ಕೆ ಬೇರೆ ಹೆಸರಿಲ್ಲ. ನಮ್ಮ ಬಾಕ್ಸಿಂಗ್ ಕ್ಲಬ್ಬಿನ ಮುದುಕ ಪರೀಕ್ಷಕ ಹನ್ನೊಂದು ವರ್ಷ ಅದನ್ನೇ ಮಾಡಿದ. ಕರಪತ್ರ ಬರೆದು ಕ್ಲಬ್ಬಿನ ಬಾಗಿಲಿಗೇ ಅಂಟಿಸಿದೆ. ಆತ ಮನೆಗೆ ಹೋದ. ಇವತ್ತಿನಿಂದ ಕುರ್ಚಿ ನನ್ನದು.

ಕೆಲಸ ಇಷ್ಟೇ — ಗ್ಲೌಸ್ ಹಾಕುವ ಮೊದಲು ಬಾಕ್ಸರನ ಕೈಗೆ ಸುತ್ತಿದ ಬಟ್ಟೆ ನೋಡುವುದು. ಬೆರಳ ಗೆಣ್ಣಿನ ಮೇಲೆ ಟೇಪ್ ಇರಕೂಡದು, ಇದ್ದರೆ ಗುದ್ದು ಕಲ್ಲಿನಂತೆ ಬೀಳುತ್ತದೆ. ಸರಿಯಿದ್ದರೆ ಮಣಿಕಟ್ಟಿನ ಟೇಪಿನ ಮೇಲೆ ಸಹಿ. ಹದಿನಾಲ್ಕನೇ ವಯಸ್ಸಿನಿಂದ ಕಂಡ ಕನಸು. ಅಕ್ಕನಿಗೆ ನಗು.

"ಹೊಡೆಯೋದೂ ಇಲ್ಲ, ಹೊಡೆಸ್ಕೊಳ್ಳೋದೂ ಇಲ್ಲ. ಕಂಡವರ ಕೈ ನೋಡ್ತೀಯಾ. ಭವಿಷ್ಯ ಹೇಳೋನೇನೋ ನೀನು?"

ತತ್ವ ಎಂದರೇನೆಂದು ಅವಳಿಗೆ ತಿಳಿಯದು.

ಮಾರ್ಚ್ 9

ಅಭ್ಯಾಸ ಪಂದ್ಯ. ಜಡ್ಜ್ ತೂಕಡಿಸುತ್ತಾನೆ. ಡಾಕ್ಟರ್ ಫೋನಿನಿಂದ ತಲೆ ಎತ್ತುವುದಿಲ್ಲ. ಗಂಟೆ ಹೊಡೆಯುವವನು ಗಡಿಯಾರ ಬಿಟ್ಟು ಕ್ಲಬ್ಬಿನ ಸೆಕ್ರೆಟರಿಯ ಮುಖ ನೋಡಿ ಹೊಡೆಯುತ್ತಾನೆ. ಬೆನ್ನುಮೂಳೆ ಇಲ್ಲದ ಜಂತುಗಳು. ಈ ಕಟ್ಟಡದಲ್ಲಿ ನೆಟ್ಟಗೆ ಕೂತವನು ನಾನೊಬ್ಬನೇ.

ಸೆಕ್ರೆಟರಿ ಹೆಗಲ ಮೇಲೆ ಕೈ ಹಾಕಿದ. "ಏನಪ್ಪಾ ಕ್ರಾಂತಿಕಾರಿ, ನಿನ್ನ ಸಹಿ ಮುದ್ದಾಗಿದೆ. ಅಚ್ಚು ಹಾಕಿದ ಹಾಗೆ."

ಆ ಕೈ ಕೊಡವಬೇಕಿತ್ತು. ಕೊಡವಲಿಲ್ಲ.

ಮಾರ್ಚ್ 15, ಸಂಜೆ 4

ಪಂದ್ಯದ ದಿನ. ಮೂವತ್ತಾರು ಜನ, ಎಪ್ಪತ್ತೆರಡು ಕೈ. ಗಡಿಬಿಡಿ. ಬಂದು ಬರೆಯುತ್ತೇನೆ...

ಮಾರ್ಚ್ 19

ಬರೆಯಲೇಬೇಕು.

ಆ ಸಂಜೆ ಸೆಕ್ರೆಟರಿ ಟೇಪಿನ ಸುರುಳಿ ತಂದಿಟ್ಟ. "ಒಬ್ಬೊಬ್ಬರನ್ನೇ ನೋಡ್ತಾ ಕೂತ್ರೆ ಬೆಳಗಾಗುತ್ತೆ. ಮೊದಲೇ ತುಂಡುಗಳ ಮೇಲೆ ಸಹಿ ಹಾಕಿಡು, ಅವರೇ ಅಂಟಿಸ್ಕೋತಾರೆ. ಮುದುಕನ ಕೈ ನಡುಗ್ತಿತ್ತು. ನಿಂದು ನಡುಗಲ್ಲ."

ನಡುಗಲಿಲ್ಲ. ಎಪ್ಪತ್ತೆರಡು ಸಹಿ. ಒಂದೂ ಓರೆಯಾಗಲಿಲ್ಲ.

ಆರನೇ ಪಂದ್ಯ — ಸೆಕ್ರೆಟರಿಯ ಅಕ್ಕನ ಮಗ, ಎದುರಿಗೆ ನಮ್ಮ ಬೀದಿಯ ಟೈಲರ್. ಎರಡನೇ ರೌಂಡಿನಲ್ಲಿ ಟೈಲರನ ಕಣ್ಣಿನ ಕೆಳಗಿನ ಮೂಳೆ ಮುರಿಯಿತು. ಪಂದ್ಯ ಮುಗಿದ ಮೇಲೆ ಕೈಗೆ ಸುತ್ತಿದ ಬಟ್ಟೆ ಕತ್ತರಿಸುವುದೂ ನನ್ನ ಕೆಲಸವೇ. ಗೆದ್ದವನ ಕೈ ಬಿಚ್ಚಿದೆ. ಗೆಣ್ಣಿನ ಮೇಲೆ ಆರು ಪದರ ಟೇಪ್, ರಟ್ಟಿನಂತೆ ಗಟ್ಟಿ. ಮಣಿಕಟ್ಟಿನ ಮೇಲೆ ನನ್ನ ಸಹಿ. ಮುದ್ದಾಗಿಯೇ ಇತ್ತು. ಎಲ್ಲವನ್ನೂ ಜೇಬಿಗೆ ತುರುಕಿಕೊಂಡೆ.

ಮುದುಕ ಕೆಡಲು ಎಷ್ಟು ವರ್ಷ ಬೇಕಾಯಿತೋ. ನನಗೆ ಹನ್ನೆರಡು ದಿನ ಸಾಕಾಯಿತು.

ಮಾರ್ಚ್ 22, ಮಧ್ಯಾಹ್ನ

ಟೈಲರ್ ಅಂಗಡಿಗೆ ಹೋದೆ. ಒಂದು ಕಣ್ಣಿಗೆ ಪಟ್ಟಿ. ಸೂಜಿಗೆ ದಾರ ಪೋಣಿಸಿಕೊಡಲು ಹೆಂಡತಿ ಪಕ್ಕದಲ್ಲೇ ಕೂತಿದ್ದಾಳೆ.

"ಬಾರಪ್ಪ. ಅವನ ಕೈಯಲ್ಲಿ ಏನೋ ಇತ್ತು ಅಂತ ಇವಳದ್ದು ಒಂದೇ ಹಟ. ನಾನೇ ಬೈದೆ. ಸಹಿ ಹಾಕಿದೋನು ಯಾರು ಗೊತ್ತೇನೇ, ಬಾಗಿಲಿಗೆ ಕರಪತ್ರ ಅಂಟಿಸಿದೋನು, ಅಂತ."

ಹೆಂಡತಿ ದಾರ ಕಚ್ಚಿ ತುಂಡರಿಸಿದಳು. "ಅವನ ಕೈ ನೋಡಿದ್ಯೇನಪ್ಪಾ?"

ಎದ್ದು ಬಂದೆ. ಜಂತು.

ಮಾರ್ಚ್ 23

ಟೇಪನ್ನು ಕ್ಲಬ್ಬಿನ ಸಮಿತಿಯ ಮುಂದೆ ಇಡುತ್ತೇನೆ ಎಂದು ಸೆಕ್ರೆಟರಿಗೇ ಹೇಳಿದೆ. ನಕ್ಕ. "ಇಡು. ಅದರ ಮೇಲೆ ನನ್ನ ಹೆಸರಿದ್ಯಾ? ಕುರ್ಚಿ ಹೋಗೋದು ನಿಂದು. ಆಮೇಲೆ ಯಾವ ಕ್ಲಬ್ಬೂ ಹತ್ತಿರ ಸೇರಿಸಲ್ಲ."

ಅಕ್ಕ ಅಂಗಿ ನೆನೆಹಾಕುವ ಮುಂಚೆ ಜೇಬಿನಿಂದ ಟೇಪ್ ತೆಗೆದಳು. "ಏನೋ ಇದು ಕಸ? ಎಸೀಲಾ?"

"ಬೇಡ. ಒಣಗಿರೋ ಕಡೆ ಇಡು."

ಹೊಸ ಕರಪತ್ರ ಬರೆದೆ. ಮೊದಲ ವಾಕ್ಯ ಹಳೆಯದೇ. ಮೋಸ ಮಾಡಿದವನ ಹೆಸರು ಮಾತ್ರ ಈ ಸಲ ನನ್ನದು.

ಸಂಜೆ ಮತ್ತೆ ಅಂಗಡಿಗೆ ಹೋದೆ. "ನೋಡಿರಲಿಲ್ಲ ಅಕ್ಕಾ" ಎಂದೆ ಟೈಲರನ ಹೆಂಡತಿಗೆ. ಟೈಲರನ ಮಿಷಿನ್ ನಿಂತಿತು. ಹೆಂಡತಿ ಕೇಳಿದಳು: "ಇದನ್ನ ಕ್ಲಬ್ಬಿನವರೆದುರಿಗೆ ಹೇಳ್ತೀಯಾ?"

ಹೇಳುತ್ತೇನೆ ಎಂದೆ. ಸಮಿತಿಯ ಸಭೆ ಗುರುವಾರ, ಸಂಜೆ ನಾಲ್ಕಕ್ಕೆ. ಕ್ಲಬ್ಬಿನ ಆಫೀಸು. ಗಂಡ ಹೆಂಡತಿ ಇಬ್ಬರೂ ಬರುತ್ತಾರೆ...