ತೊಂದರೆ ಏನಿಲ್ಲ ಸರ್

ಮಾರ್ಚ್ 3. ಬೆಳಿಗ್ಗೆ 6
ಆಸ್ಪತ್ರೆ ಲಾಂಡ್ರಿಗೆ ನಾಲ್ಕು ಟ್ರಾಲಿ ಬೆಡ್‌ಶೀಟ್ ಬಂದಿವೆ. ಇಸ್ತ್ರಿ ರೋಲರಿನಿಂದ ಕಳಚಿಬಿದ್ದ, ಕೈ ಒಳಹೋಗದಂತೆ ತಡೆಯುವ ಕಂಬಿ ಇನ್ನೂ ಹಾಕಿಲ್ಲ. ಅದೇ ರೋಲರಿಗೆ ದೊಡ್ಡಕ್ಕನ ಬಲಗೈ ಸಿಕ್ಕಿ ತಿಂಗಳಾಯಿತು. ನಮಗೆಲ್ಲ ಹಿರಿಯಳು. ಇವತ್ತು ಕೆಲಸಕ್ಕೆ ಬಂದಳು. ಮಡಚುವ ಕೆಲಸ ಕೊಟ್ಟಿದ್ದಾರೆ — ಒಂದೇ ಕೈ ಆಡುವವಳಿಗೆ!
ನಾಡಿದ್ದು ಆಸ್ಪತ್ರೆ ಸಿಬ್ಬಂದಿಯ ಮೀಟಿಂಗ್. ಲಾಂಡ್ರಿ ಪರವಾಗಿ ಕಂಬಿಯ ವಿಷಯ ನಾನು ಮಾತಾಡಬೇಕಂತೆ. "ನಿನ್ನ ಅಕ್ಷರ ದುಂಡಗಿದೆ, ನೀನೇ ಹೇಳು" ಎಂದಳು ದೊಡ್ಡಕ್ಕ. ಅಕ್ಷರಕ್ಕೂ ನಾಲಿಗೆಗೂ ಏನು ಸಂಬಂಧವೋ.

ಮಾರ್ಚ್ 5. ಸಂಜೆ
ಮೈಕ್ ಕೊಟ್ಟರು. ಎರಡು ಪುಟ ಬಾಯಿಪಾಠ ಮಾಡಿದ್ದೆ. ಎದುರಿಗೆ ನೂರು ಮುಖ. ನಾಲಿಗೆ ಮೇಲೇಳಲಿಲ್ಲ. ಮ್ಯಾನೇಜರ್ ಕನಿಕರದಿಂದಲೇ ಕೇಳಿದರು: "ಲಾಂಡ್ರಿಯಲ್ಲಿ ಏನಾದ್ರೂ ತೊಂದರೆ ಇದೆಯೇನಮ್ಮ?"
"ತೊಂದರೆ ಏನಿಲ್ಲ ಸರ್. ಎಲ್ಲ ಚೆನ್ನಾಗಿದೆ."
ನಾನೇ ಅಂದದ್ದು. ಮೇಲೆ ಚಪ್ಪಾಳೆ ಬೇರೆ. ಮೂರನೇ ಸಾಲಿನಲ್ಲಿ ದೊಡ್ಡಕ್ಕ, ಬ್ಯಾಂಡೇಜಿನ ಕೈ ಮಡಿಲಲ್ಲಿ...

ಮಾರ್ಚ್ 6
"ತಪ್ಪಾಯ್ತು ದೊಡ್ಡಕ್ಕ" ಎಂದೆ.
"ಸುಮ್ಮನೆ ಕೂತಿದ್ರೂ ಆಗ್ತಿತ್ತು ಕಣೆ. ಈಗ ನಿನ್ನ ಮಾತನ್ನೇ ಮಿನಿಟ್ಸ್‌ನಲ್ಲಿ ಬರ್ಕೊಂಡಿದ್ದಾರೆ. ನನ್ನ ಕೈ ಸುಟ್ಟಿದ್ದೇ ಸುಳ್ಳು ಅಂದಹಾಗಾಯ್ತು."
ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಾರ್ಚ್ 19
ಈ ಪುಸ್ತಕ ಮುಟ್ಟಲು ಮನಸ್ಸಾಗಲಿಲ್ಲ. ಊಟಕ್ಕೂ ಬೇರೆ ಮೇಜಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ನಾದಿನಿಯೇ ಬಾಯಿ ಬಿಡಿಸಿದಳು. ಶಾಲೆಯಲ್ಲಿ ಪಾಠ ಹೇಳುವವಳು. "ಅತ್ತಿಗೆ, ಬಾಯಿಪಾಠ ಬಿಡಿ. ಕಂಡದ್ದು ಹೇಳಿ, ಸಾಕು." ಅಡುಗೆಮನೆಯಲ್ಲಿ ನಿಲ್ಲಿಸಿದಳು. ಗೋಡೆ ನೋಡುತ್ತ ಮೂರು ವಾಕ್ಯ ಹೇಳಿದೆ. "ಗೋಡೆಗಲ್ಲ, ನನಗೆ ಹೇಳಿ." ಅತ್ತುಬಿಟ್ಟೆ. "ಆಯ್ತಲ್ಲ, ಇನ್ನೊಂದು ಸಲ" ಎಂದಳು. ಕಲ್ಲುಮನಸ್ಸಿನವಳು.

ಮಾರ್ಚ್ 27. ಮಧ್ಯಾಹ್ನ
ಊಟದ ಬಿಡುವಿನಲ್ಲಿ ಲಾಂಡ್ರಿಯವರ ಮುಂದೆಯೇ ಹೇಳಿನೋಡಿದೆ. ಐದು ಜನ. ಈ ಸಲ ಮಾತು ನಿಲ್ಲಲಿಲ್ಲ. ದೊಡ್ಡಕ್ಕ ಬೆನ್ನು ತಿರುಗಿಸಿ ಕೂತಿದ್ದಳು. ಮುಗಿದ ಮೇಲೆ ತಿರುಗದೆಯೇ, "ಎಡಗೈ ಅಂದೆ ನೀನು. ಬಲಗೈ."
ಯಾವ ಕೈ ಎಂಬುದೂ ಮರೆಯುವಷ್ಟು ನನ್ನ ಹೆದರಿಕೆಯೇ ನನಗೆ ದೊಡ್ಡದಾಗಿತ್ತು. ಛೀ.

ಏಪ್ರಿಲ್ 2
ಮತ್ತೆ ಮೀಟಿಂಗ್. ನಾನಾಗಿಯೇ ಕೈ ಎತ್ತಿದೆ. "ಹೋದ ಸಲ ಎಲ್ಲ ಚೆನ್ನಾಗಿದೆ ಅಂದೆ ಸರ್. ಹೆದರಿ ಹೇಳಿದ ಸುಳ್ಳು. ಅದನ್ನ ಹೊಡೆದುಹಾಕಿ." ದನಿ ಕೀರಲಾಯಿತು. ಹಿಂದೆ ಯಾರೋ ನಕ್ಕರು. ನಿಲ್ಲಿಸಲಿಲ್ಲ. ಕಂಬಿ, ರೋಲರ್, ಬಲಗೈ — ಎಲ್ಲ ಹೇಳಿದೆ. ಕಂಬಿ ಬರುವ ತನಕ ರೋಲರ್ ಓಡಿಸುವಂತಿಲ್ಲ ಎಂದಾಯಿತು.
ಚಪ್ಪಾಳೆ ಇಲ್ಲ. ದೊಡ್ಡಕ್ಕ, "ಒಂದು ತಿಂಗಳು ತಡ" ಎಂದಳು. ಆದರೆ ಊಟಕ್ಕೆ ಪಕ್ಕದಲ್ಲಿ ಜಾಗ ಬಿಟ್ಟಳು.

ಏಪ್ರಿಲ್ 4. ಬೆಳಿಗ್ಗೆ 11
ತಪಾಸಣೆಯವರು ಬಂದಿದ್ದಾರೆ. ದೊಡ್ಡಕ್ಕನ ಕೈ ಸಿಕ್ಕಿದ್ದನ್ನು ಕಂಡವರು ಹೇಳಬೇಕಂತೆ. ದೊಡ್ಡಕ್ಕನೇ ಬಾಗಿಲಿಗೆ ಬಂದು, "ಬಾರೆ, ಹೆದರಬೇಡ. ಪಕ್ಕದಲ್ಲೇ ಇರ್ತೀನಿ" ಎಂದಳು.
ಇಲ್ಲಿಯೂ ಬರೆಯದ ಮಾತು ಒಂದಿದೆ. ಕಂಬಿ ಅಲ್ಲಾಡುತ್ತಿದ್ದದ್ದನ್ನು ಅವಳ ಕೈ ಸಿಕ್ಕುವ ಹಿಂದಿನ ದಿನವೇ ಕಂಡಿದ್ದೆ. ಹೇಳೋಣವೆಂದು ಆಫೀಸಿನ ಬಾಗಿಲ ತನಕ ಹೋದೆ. ಒಳಗೆ ನಾಲ್ಕು ಜನ ಕೂತಿದ್ದರು. ನಾಚಿಕೆಯಾಗಿ ಹಿಂದಿರುಗಿದೆ.
ಅವಳು ಕರೆಯುತ್ತಿದ್ದಾಳೆ. ಇವತ್ತು ಅವಳೆದುರೇ, ಅದನ್ನೂ —