ಕಾಗಾಲದಲ್ಲಿ ಮೂರು ಮಡಿ ಜೋಳ

ಕಾಗಾಲ, ಕುಮಟಾ ತಾಲೂಕು
೪-೨-೨೦೨೬

ಬೀಗಿತ್ತಿ ನೀಲವ್ವನವರಿಗೆ ಸುಮತಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಸೌಖ್ಯ. ಪತ್ರ ಬಂತೆಂದು ಗಾಬರಿಯಾಗಬೇಡಿ. ಫೋನಿನಲ್ಲಿ ನಾನು ‘ಎಂತ’ ಅಂದರೆ ನೀವು ‘ಏನ್ರಿ?’ ಅನ್ನುತ್ತೀರಿ. ನಿಮ್ಮ ಹಾವೇರಿ ಕಡೆಯ ಮಾತು ನನಗೂ ಅರ್ಧವೇ ತಿಳಿಯುವುದು. ಕಡೆಗೆ ಇಬ್ಬರೂ ‘ಆತು, ಆತು’ ಎಂದು ಇಟ್ಟುಬಿಡುತ್ತೇವೆ. ಈ ಸಲದ್ದು ಹಾಗೆ ಮುಗಿಸುವ ಮಾತಲ್ಲ. ಅದಕ್ಕೇ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದೀಪಾವಳಿಗೆ ಸುಪ್ರಿಯಾ ತವರಿಗೆ ಬಂದಾಗ ಅವಳ ಬಳೆ ಮೊಳಕೈವರೆಗೂ ಜಾರುವುದನ್ನು ನೀವು ನೋಡಿದಿರಂತೆ. ಶಿವರಾತ್ರಿಗೆ ಗೋಕರ್ಣಕ್ಕೆ ಬರುತ್ತೇವೆ, ಹೋಗುವಾಗ ಮಗಳನ್ನು ಕರೆದುಕೊಂಡು ಹೋಗುತ್ತೇವೆ, ಮತ್ತೆ ಕಳಿಸುವ ಮಾತು ಆಮೇಲೆ ಎಂದು ನನ್ನ ಮಗ ಪ್ರದೀಪನ ಹತ್ತಿರ ಹೇಳಿ ಕಳಿಸಿದಿರಿ. ನನಗೆ ಸಿಟ್ಟು ಬರಲಿಲ್ಲ. ಹೆತ್ತವರು ಇನ್ನೆಂತ ಹೇಳುತ್ತಾರೆ? ಮಳೆಗಾಲವಿಡೀ ಅವಳು ಸರಿಯಾಗಿ ಉಣ್ಣಲಿಲ್ಲ ಎನ್ನುವುದು ನಿಜ. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕೆಂಪಕ್ಕಿಯದ್ದೇ ನಮ್ಮಲ್ಲಿ ಗಂಜಿ, ಅದರದ್ದೇ ಅನ್ನ. ಪ್ರದೀಪ ಕುಮಟೆ ಪೇಟೆಯಿಂದ ತಂದ ಜೋಳದ ಹಿಟ್ಟು ಹಳೆಯದು. ರೊಟ್ಟಿ ಬಡಿದರೆ ಅಂಚೆಲ್ಲ ಒಡೆಯುತ್ತಿತ್ತು. ಒಡೆದ ರೊಟ್ಟಿಯ ಮುಂದೆ ಅವಳು ಸುಮ್ಮನೆ ಕೂತಿದ್ದನ್ನು ಕಂಡಿದ್ದೇನೆ. ಬಾಯಿಬಿಟ್ಟು ದೂರಿದವಳಲ್ಲ. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ದೀಪಾವಳಿ ಮುಗಿಸಿ ಬಂದ ಮರುದಿನ ಊಟದ ಡಬ್ಬಿ ಬಿಚ್ಚಿ ನನಗೆ ಬಿಳಿಜೋಳ ತೋರಿಸಿದಳು. ನಿಮ್ಮ ಕಣಜದ್ದೇ ಇರಬೇಕು. “ಅತ್ತೀ, ಇಲ್ಲೆ ಜ್ವಾಳ ಬೆಳೀತಾವೇನ್ರಿ?” ಎಂದು ಕೇಳಿದಳು. ನಮ್ಮ ಯಜಮಾನರು ಜಗಲಿಯಿಂದಲೇ ನಕ್ಕು, “ಈ ಉಪ್ಪುಗಾಳಿಗೆ ಜೋಳವಾ ಮಾರಾಯ್ತಿ?” ಅಂದರು. ಪಕ್ಕದ ಮನೆಯ ದುರ್ಗಿಯೂ ನಕ್ಕಳು. ಸುಪ್ರಿಯಾ ಡಬ್ಬಿ ಮುಚ್ಚಿದಳು.

ನಾನು ಬಾವಿಯ ಪಕ್ಕದ ಮೂರು ಮಡಿ ಅವಳಿಗೆ ಬಿಟ್ಟುಕೊಟ್ಟೆ. ಈರುಳ್ಳಿ ಸಸಿ ನೆಡಲೆಂದು ಗೊಬ್ಬರ ಹಾಕಿ ಇಟ್ಟ ಮಡಿಗಳವು. ನಮ್ಮೂರ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ಹೆದ್ದಾರಿ ಬದಿಗೆ ತೂಗುಹಾಕಿದರೆ ಸಾಕು, ಓಡುವ ಕಾರು ನಿಲ್ಲುತ್ತದೆ. ಅಂಥ ಮಣ್ಣನ್ನು ಜೋಳಕ್ಕೆ ಕೊಟ್ಟೆನೆಂದು ಯಜಮಾನರು ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ಮನೆ ಶಾಂತವಾಗಿತ್ತು, ಅದೇನೂ ನಷ್ಟವಲ್ಲ.

ಜೋಳ ಮೊಳೆಯಿತು. ಸೊಂಟದೆತ್ತರ ಬಂದಾಗ ಒಂದು ಸಂಜೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಅರ್ಧ ಬೆಳೆಯನ್ನು ಮಲಗಿಸಿತು. ನಾನು ಇನ್ನು ಮುಗಿಯಿತು ಅಂದುಕೊಂಡೆ. ಸುಪ್ರಿಯಾ ಸೀರೆ ಸಿಕ್ಕಿಸಿ ಕೆಸರಿಗೆ ಇಳಿದು ಒಂದೊಂದೇ ದಂಟನ್ನು ಎತ್ತಿ, ಬುಡಕ್ಕೆ ಮಣ್ಣು ಒತ್ತಿ ನಿಲ್ಲಿಸಿದಳು. ನಾನು ಗೂಟ ಕೊಡುತ್ತಾ ಹೋದೆ. ದುರ್ಗಿ ಬಾಳೆನಾರು ತಂದು ಕಟ್ಟಿದಳು. ಆವತ್ತು ಅವಳು ನಗಲಿಲ್ಲ.

ತೆನೆ ಹಾಲು ತುಂಬುವ ಹೊತ್ತಿಗೆ ಗಿಳಿಗಳು ಬಂದವು. ಇಲ್ಲಿನ ಗಿಳಿಗಳು ಜೋಳ ಕಂಡಿದ್ದೇ ಇಲ್ಲ, ಆದರೂ ಅವಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಾನು ತಟ್ಟೆ ಬಡಿದು ಬಡಿದು ಸೋತೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಜೋಳದ ಮೇಲೆಲ್ಲ ಹಳೆಯ ಮೀನುಬಲೆ ಹರಡಿದೆ. ಯಜಮಾನರು ಬಾವಿಕಟ್ಟೆಯ ಮೇಲೆ ಕೂತು ಬಲೆಯಂಚಿನ ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದರು. ಚಹಾ ಕೊಟ್ಟೆ, ಕುಡಿದರು. ಅಲ್ಲಿಂದ ಮತ್ತೆ ಮಾತು ಶುರುವಾಯಿತು.

ಮೊನ್ನೆ ಭಾನುವಾರ ನಿಮ್ಮ ಮಗಳು ಸೀತನಿ ಸುಡುತ್ತೇನೆ ಅಂದಳು. ಹಸಿ ತೆನೆಯನ್ನು ಕೆಂಡದಲ್ಲಿ ಸುಟ್ಟು ತಿನ್ನುವುದನ್ನು ನಾವು ಕೇಳಿಯೂ ಗೊತ್ತಿರಲಿಲ್ಲ. ನಿಮ್ಮಲ್ಲಿ ಸಗಣಿ ಕುಳ್ಳಿನ ಕೆಂಡವಂತೆ. ಇಲ್ಲಿ ತೆಂಗಿನ ಸಿಪ್ಪೆಯದ್ದು. ಬಿಸಿ ತೆನೆಯನ್ನು ಗೋಣಿಯ ಮೇಲಿಟ್ಟು ತಿಕ್ಕಿದಾಗ ಹಸಿರು ಕಾಳು ಉದುರಿದವು. ನೀವು ಕಳಿಸಿದ್ದ ಶೇಂಗಾ ಚಟ್ನಿಪುಡಿ, ನಮ್ಮ ತೆಂಗಿನಕಾಯಿ ತುರಿ, ಬೆಲ್ಲ. ದುರ್ಗಿಯ ಮನೆಯವರು ಬಂದರು, ಅವರ ಹಿಂದೆ ಕೇರಿಯೇ ಬಂತು. ಯಜಮಾನರು ಮೂರನೆಯ ಸಲ ಕೈಯೊಡ್ಡಿ, ಇದು ಈರುಳ್ಳಿಗಿಂತ ಅಡ್ಡಿಯಿಲ್ಲ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಸುಪ್ರಿಯಾ ಮೂಗಿಗೆ ಮಸಿ ಮೆತ್ತಿಕೊಂಡು ನಗುತ್ತಿದ್ದಳು. ಅವಳ ನಗು ಅಷ್ಟು ದೊಡ್ಡದೆಂದು ನನಗೆ ಈವರೆಗೆ ತಿಳಿದಿರಲಿಲ್ಲ.

ಎಲ್ಲರೂ ಹೋದ ಮೇಲೆ ನಿಮ್ಮ ಮಾತನ್ನು ಎತ್ತಿದೆ. ನಿನ್ನ ಅವ್ವ ಕರೆದುಕೊಂಡು ಹೋಗಲು ಬರುತ್ತಾರೆ, ನನ್ನ ಮುಖ ನೋಡಬೇಡ, ಮನಸ್ಸಿಗೆ ಬಂದದ್ದು ಹೇಳು ಅಂದೆ. ನೀಲವ್ವನವರೇ, ಅವಳು ಉತ್ತರ ಕೊಡುವವರೆಗೆ ನನ್ನ ಕೈಯಲ್ಲಿದ್ದ ಗೋಣಿಯನ್ನು ಎಷ್ಟು ಸಲ ಮಡಚಿದೆನೋ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಅವ್ವ ಬರ್ಲಿ ಅತ್ತೀ. ನನ್ನ ಕರಕೊಂಡ್ ಹೋಗಾಕಲ್ಲ, ಜ್ವಾಳ ಕೊಯ್ಯಾಕ ಬರ್ಲಿ.”

ಆದ್ದರಿಂದ ಗೋಕರ್ಣ ಮುಗಿಸಿ ಓಡಬೇಡಿ. ಕಾಳು ಗಟ್ಟಿಯಾಗುವವರೆಗೆ ನಮ್ಮಲ್ಲೇ ಇರಿ. ಗಂಜಿ ಉಣ್ಣಲು ನಿಮ್ಮ ಮಗಳೇ ಕಲಿಸುತ್ತಾಳೆ, ಈಗ ಅವಳಿಗೆ ಮಾವಿನಮಿಡಿಯ ಜೊತೆ ಎರಡು ಬಟ್ಟಲು ಬೇಕು. ಬಳೆಯೂ ಜಾರುವುದಿಲ್ಲ, ಬಂದು ನೋಡಿ.

ನಿಮ್ಮ ಬಸ್ಸಿನ ದಾರಿ ನೋಡುತ್ತಿರುವ,
ಸುಮತಿ

ತಾ.ಕ.: ಇದನ್ನು ಮೇಲೆ ಬರೆಯಲು ನಾಚಿಕೆಯಾಯಿತು. ನನ್ನ ತವರು ಯಾಣದ ಕಾಡಿನೊಳಗೆ. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಬೂದಿಯಲ್ಲಿ ಸುಟ್ಟ ಕಾಡುಗೆಣಸು ನೆನಪಾಗಿ ಬಾವಿಕಟ್ಟೆಯ ಹಿಂದೆ ಕೂತು ಅಳುತ್ತಿದ್ದೆ. ನಿನಗೆ ಎಂತ ಬೇಕು ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸೀತನಿ ಸುಟ್ಟ ಸಂಜೆ ನಿಮ್ಮ ಮಗಳು ಕೇಳಿದಳು. ನಿನ್ನೆ ಯಾಣದಿಂದ ನನ್ನ ತಮ್ಮ ಆ ಗೆಣಸಿನ ಗೆಡ್ಡೆ ಕಳಿಸಿದ್ದಾನೆ, ಅವಳೇ ಫೋನು ಮಾಡಿ ತರಿಸಿದ್ದಂತೆ. ಬೇಲಿಯ ಬುಡದಲ್ಲಿ ಹೂತಿದ್ದೇವೆ. ಇನ್ನೂ ಚಿಗುರುವ ಹೊತ್ತಲ್ಲ, ಆದರೂ ಇವತ್ತು ಎರಡು ಸಲ ಹೋಗಿ ನೋಡಿ ಬಂದೆ.