ಹಲ್ಲು ಕಿತ್ತ ಮೇಲೆ ಊದಬಾರದು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಗಾಜಿನ ಕುಲುಮೆಯ ಮುಂದೆ ನಿಂತು ಕಣ್ಣು ಉರಿಯುತ್ತದೆ ಎಂದಿದ್ದೆ, ಕಡಿಮೆಯಾಯಿತೇ? ನಿನ್ನವಳ ಸೊಂಟನೋವು ಹೇಗಿದೆ? ನಾವೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಮನಸ್ಸು ಬರಲಿಲ್ಲ.

ನಿನ್ನ ಭಾವನ ಬುದ್ಧಿಹಲ್ಲು ಕೀಳಿಸಿದೆವು. ಅಡ್ಡ ಬೆಳೆದು ಪಕ್ಕದ ಹಲ್ಲನ್ನು ಒತ್ತುತ್ತಿತ್ತು. ದಂತವೈದ್ಯೆ ಒಳ್ಳೆಯವರೇ, ಬಿಡಿಸಿ ಬಿಡಿಸಿ ಹೇಳಿದರು: ಮರಗಟ್ಟಿದ್ದು ಬಿಡುವ ಮೊದಲೇ ನೋವಿನ ಮಾತ್ರೆ ನುಂಗಬೇಕು, ಮೊದಲ ದಿನ ಕೆನ್ನೆಗೆ ಐಸ್ ಇಡಬೇಕು, ತಲೆ ಎತ್ತರಿಸಿ ಮಲಗಬೇಕು, ಮಾರನೆಯ ದಿನದಿಂದ ಬೆಚ್ಚಗಿನ ಉಪ್ಪುನೀರು. ಜೋರಾಗಿ ಉಗುಳಬಾರದು, ಸ್ಟ್ರಾ ಎಳೆಯಬಾರದು, ಸಿಗರೇಟು ಎಳೆಯಬಾರದು. ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಬರೀ ಮೂಳೆ ಉಳಿಯುತ್ತದೆ. ನಿನ್ನ ಭಾವ ಚಾಚೂ ತಪ್ಪದೆ ಪಾಲಿಸಿದರು. ಉಪ್ಪುನೀರನ್ನು ಉಗುಳದೆ, ಮಗುವಿನ ಹಾಗೆ ತಲೆ ಬಾಗಿಸಿ ಸೋರಲು ಬಿಡುತ್ತಿದ್ದರು. ನಾನು ಬಿದ್ದು ಬಿದ್ದು ನಕ್ಕಿದ್ದೆ. ಊತ ಇಳಿಯಿತೆಂದು ಮೂರನೆಯ ದಿನವೇ ಗಾಜಿನ ಕಾರ್ಖಾನೆಗೆ ಹೋಗಿ, ಕೊಳವೆಯ ತುದಿಯ ಕಾದ ಗಾಜಿಗೆ ಉಸಿರು ತುಂಬಿ ದೊಡ್ಡ ಹೂಜಿಯೊಂದನ್ನು ಊದಿಬಿಟ್ಟರು. ಕೇಳಿದರೆ, "ಎಳೀಬೇಡಿ ಅಂದ್ರು, ಊದಬೇಡಿ ಅಂದ್ರಾ?" ಎಂದು ನನ್ನ ಮೇಲೇ ರೇಗಿದರು. ಅವರ ಕೆಲಸವೇನೆಂದು ವೈದ್ಯೆ ಕೇಳಲಿಲ್ಲ, ನಾವಿಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ಊದುವುದೆಂದರೆ ಉಸಿರಾಡಿದ ಹಾಗೆ, ಅದನ್ನೂ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ ಹೇಳು.

ಅಂದು ಸಂಜೆಯೇ ನೋವು ಕಿವಿಯವರೆಗೆ ಏರಿತು. "ಏನಿಲ್ಲ ಬಿಡೇ, ತಾನಾಗೇ ಹೋಗುತ್ತೆ" ಎನ್ನುತ್ತಾ ವಾರ ತಳ್ಳಿದರು. ನಾನು ವೈದ್ಯೆಯ ಬಳಿಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಕೀವು ಮೂಳೆಗೆ ಇಳಿದಿತ್ತು. ಈಗ ಜ್ವರವೇನೋ ಬಿಟ್ಟಿದೆ. ಆದರೆ ಕೆಳತುಟಿಯ ಬಲಗಡೆ ಸ್ಪರ್ಶವೇ ಇಲ್ಲ. ನೀರು ಗಲ್ಲದ ಮೇಲೆ ಹರಿದರೂ ತಿಳಿಯುವುದಿಲ್ಲ. ದಿನವೂ ಹಿತ್ತಿಲಿಗೆ ಹೋಗಿ ಖಾಲಿ ಕೊಳವೆಯನ್ನು ತುಟಿಗಿಟ್ಟು ಊದುತ್ತಾರೆ, ಗಾಳಿ ಪಕ್ಕದಿಂದ ಸೋರುತ್ತದೆ. ಒರೆಸಿಕೊಂಡು ಮತ್ತೆ ಊದುತ್ತಾರೆ. ಅದನ್ನು ನೋಡಲಾರೆ ಕಣೋ. ನನಗಂತೂ ಯಾವ ಭರವಸೆಯೂ ಉಳಿದಿಲ್ಲ.

ಮಕ್ಕಳಿಗೆ ನನ್ನ ಮುದ್ದು. ನಿನ್ನವಳು ಭಾರ ಎತ್ತದಿರಲಿ. ನಿಮ್ಮ ಮನೆಯಲ್ಲಾದರೂ ನಗು ಇರಲಿ.

ನಿನ್ನ ಅಕ್ಕ

ಮರೆತೆ: ಆ ಸ್ಪರ್ಶ ಇನ್ನು ಮರಳುವುದು ಅನುಮಾನವೆಂದು ವೈದ್ಯೆ ನನ್ನೊಬ್ಬಳಿಗೇ ಹೇಳಿದ್ದಾರೆ. ನಿನ್ನ ಭಾವನಿಗೆ ಗೊತ್ತಿಲ್ಲ. ಮಾಲೀಕರು ಅವರ ಜಾಗಕ್ಕೆ ನಿನ್ನನ್ನೇ ಕರೆಯುತ್ತಾರಂತೆ. ನಿನಗೆ ಕೆಲಸ ಕಲಿಸಿದವರ ಜಾಗವೆಂದು ಹಿಂಜರಿಯಬೇಡ, ಬಾ. ಆದರೆ ಕಾರ್ಖಾನೆಗಿಂತ ಮೊದಲು ಮನೆಗೆ ಬಾ. ಬೇರೆಯವರ ಬಾಯಿಂದ ಕೇಳುವ ಮುಂಚೆ ನೀನೇ ಅವರಿಗೆ ಎರಡನ್ನೂ ಹೇಳು. ನಾನು ಹೇಳಲಾರೆ.